ಅಮೆರಿಕದ ಪ್ರಥಮ ಮಹಿಳೆಯ ಸೋದರತ್ತೆ, ಹಾಳುಬಿದ್ದ ಬಂಗಲೆಯ ಒಡತಿ: ದೊಡ್ಡ ಈಡಿಯ ಬದುಕು

ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿ ಅವರ ಪತ್ನಿ ಜಾಕ್ವೆಲಿನ್ ಹೆಸರು ಕೇಳದವರು ಕಡಿಮೆ. 1962ರಲ್ಲಿ ತಂಗಿ ಲೀ ರಾಡ್ಜಿವಿಲ್ ಜೊತೆ ಭಾರತಕ್ಕೂ ಬಂದು ದೆಹಲಿ, ಆಗ್ರಾ, ಉದಯಪುರ ನೋಡಿ ಹೋಗಿದ್ದರು. ಅದೇ ಜಾಕ್ವೆಲಿನ್ ಅವರ ಸ್ವಂತ ಸೋದರತ್ತೆ, ಅಂದರೆ ಅಪ್ಪನ ಒಡಹುಟ್ಟಿದ ತಂಗಿ, ನೀರು ಬಾರದ, ಮಾಡು ಸೋರುವ, ಬೆಕ್ಕುಗಳೇ ತುಂಬಿಕೊಂಡ ಹಳೇ ಬಂಗಲೆಯಲ್ಲಿ ಮಗಳೊಬ್ಬಳನ್ನೇ ಜೊತೆಗಿಟ್ಟುಕೊಂಡು ವರ್ಷಗಟ್ಟಲೆ ಬದುಕಿದ್ದರು ಅಂದರೆ ನಂಬೋದು ಕಷ್ಟ. ಆದ್ರೆ ಇದು ನಡೆದ ಕಥೆ.

ಅವರ ಹೆಸರು ಈಡಿತ್ ಬೂವಿಯೆ ಬೀಲ್. ಮಗಳ ಹೆಸರೂ ಈಡಿತ್ತೇ. ಹಾಗಾಗಿ ಅಮ್ಮನನ್ನು ದೊಡ್ಡ ಈಡಿ, ಮಗಳನ್ನು ಚಿಕ್ಕ ಈಡಿ ಅಂತ ಜನ ಕರೆದರು. 1975ರಲ್ಲಿ ಬಂದ ‘ಗ್ರೇ ಗಾರ್ಡನ್ಸ್’ ಎಂಬ ಸಾಕ್ಷ್ಯಚಿತ್ರ ಈ ಇಬ್ಬರನ್ನೂ ಜಗತ್ತಿನ ಮುಂದೆ ತಂದು ನಿಲ್ಲಿಸಿತು. ದೊಡ್ಡ ಈಡಿ ತೀರಿಕೊಂಡು ಐವತ್ತು ವರ್ಷ ಆಗುತ್ತಾ ಬಂತು. ಆ ಸಿನಿಮಾದ ಬಗ್ಗೆ ಜಗಳ ಮಾತ್ರ ಇನ್ನೂ ನಿಂತಿಲ್ಲ.

ಬಡಗಿಯ ವಂಶ, ಶ್ರೀಮಂತರ ಮನೆತನ

ಬೂವಿಯೆ ಮನೆತನದ ಮೂಲಪುರುಷ ಮಿಶೆಲ್ ಬೂವಿಯೆ ಫ್ರಾನ್ಸ್‌ನಿಂದ ಬಂದ ಬಡಗಿ. ನೆಪೋಲಿಯನ್ ಸೋತ ಮೇಲೆ 1815ರಲ್ಲಿ ಊರು ಬಿಟ್ಟು ಅಮೆರಿಕದ ಫಿಲಡೆಲ್ಫಿಯಾ ಸೇರಿದವನು. ಮೇಜು, ಕುರ್ಚಿ, ಬೀರು ಮಾಡಿ ಮಾರಿದ. ಕೈಗೆ ದುಡ್ಡು ಬಂದಂತೆ ಜಮೀನು ಕೊಂಡ. ಉಳಿ ಹಿಡಿದ ಆ ಕೈಯಿಂದ ಶುರುವಾದ ಆಸ್ತಿ ಮೊಮ್ಮಕ್ಕಳ, ಮರಿಮಕ್ಕಳ ಕಾಲಕ್ಕೆ ನ್ಯೂಯಾರ್ಕ್‌ನ ದೊಡ್ಡ ಮನೆತನಗಳ ಸಾಲಿಗೆ ಬಂದು ನಿಂತಿತು. ಆಮೇಲೆ ಬಂದವರಿಗೆ ಬಡಗಿ ಅಜ್ಜ ಸಾಲಲಿಲ್ಲ. ದೊಡ್ಡ ಈಡಿಯ ತಂದೆ ಜಾನ್ ವರ್ನೂ ಬೂವಿಯೆ ಜೂನಿಯರ್ ದೊಡ್ಡ ವಕೀಲರು. ತಮ್ಮದು ಫ್ರಾನ್ಸ್‌ನ ರಾಜಮನೆತನದ ಸಂಬಂಧವುಳ್ಳ ಕುಲ ಅಂತ ವಂಶಾವಳಿಯ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಅದರಲ್ಲಿ ಹುರುಳಿಲ್ಲ ಅನ್ನೋದು ಕಾಲ ಕಳೆದ ಮೇಲೆ ಗೊತ್ತಾಯಿತು.

ಇಂಥ ಮನೆಯಲ್ಲಿ 1895ರ ಅಕ್ಟೋಬರ್ 5ರಂದು ಈಡಿತ್ ಹುಟ್ಟಿದರು. ಅಣ್ಣ ಜಾನ್, ಎಲ್ಲರೂ ಬ್ಲ್ಯಾಕ್ ಜ್ಯಾಕ್ ಅಂತ ಕರೆಯುತ್ತಿದ್ದವರು, ಷೇರುಪೇಟೆಯಲ್ಲಿ ವ್ಯವಹಾರ ಮಾಡುತ್ತಿದ್ದರು. ಅವರ ಮಕ್ಕಳೇ ಜಾಕ್ವೆಲಿನ್ ಮತ್ತು ಲೀ. ಮನೆತನಕ್ಕೆ ಹೆಸರು ಮುಖ್ಯ, ಮರ್ಯಾದೆ ಮುಖ್ಯ, ನಾಲ್ಕು ಜನ ಏನಂತಾರೆ ಅನ್ನೋದು ಎಲ್ಲಕ್ಕಿಂತ ಮುಖ್ಯ. ಈಡಿತ್‌ಗೆ ಇದ್ಯಾವುದೂ ತಲೆಗೆ ಹತ್ತಲಿಲ್ಲ. ಅವರಿಗೆ ಬೇಕಿದ್ದುದು ಹಾಡು.

1917ರ ಜನವರಿಯಲ್ಲಿ ನ್ಯೂಯಾರ್ಕ್‌ನ ಸೇಂಟ್ ಪ್ಯಾಟ್ರಿಕ್ ಚರ್ಚ್‌ನಲ್ಲಿ ಅದ್ಧೂರಿ ಮದುವೆ ಆಯಿತು. ಗಂಡ ಫೀಲನ್ ಬೀಲ್ ಅಲಬಾಮಾ ಕಡೆಯ ವಕೀಲ, ಹೆಂಡತಿಗಿಂತ ಹದಿನಾಲ್ಕು ವರ್ಷ ದೊಡ್ಡವರು. ಮಾವನ ಜೊತೆಗೇ ವಕೀಲಿ ಪಾಲುದಾರಿಕೆ. ಅದೇ ವರ್ಷ ನವೆಂಬರ್ 7ಕ್ಕೆ ಮಗಳು ಹುಟ್ಟಿದಳು. ಅಮ್ಮನ ಹೆಸರನ್ನೇ ಇಟ್ಟರು. ಆಮೇಲೆ ಇಬ್ಬರು ಗಂಡು ಮಕ್ಕಳು, ಫೀಲನ್ ಜೂನಿಯರ್ ಮತ್ತು ಬೂವಿಯೆ.

ಕಡಲ ಪಕ್ಕದ ಮನೆ

ನ್ಯೂಯಾರ್ಕ್ ನಗರದಿಂದ ಪೂರ್ವಕ್ಕೆ ಸುಮಾರು 160 ಕಿಲೋಮೀಟರ್ ಹೋದರೆ ಈಸ್ಟ್ ಹ್ಯಾಂಪ್ಟನ್ ಎಂಬ ಕಡಲತೀರದ ಊರು. ದುಡ್ಡಿದ್ದವರು ಬೇಸಿಗೆ ಕಳೆಯೋಕೆ ಬರುವ ಜಾಗ. 1920ರ ದಶಕದ ಮೊದಲ ಭಾಗದಲ್ಲಿ ಬೀಲ್ ದಂಪತಿ ಅಲ್ಲೊಂದು ದೊಡ್ಡ ಮನೆ ಕೊಂಡರು. 1897ರಲ್ಲಿ ನಕ್ಷೆ ತಯಾರಾದ ಮನೆ ಅದು. ಹಿಂದಿನ ಮಾಲೀಕರ ಹೆಂಡತಿ ಆ್ಯನಾ ಗಿಲ್ಮನ್ ಹಿಲ್‌ಗೆ ತೋಟ ಮಾಡೋ ಹುಚ್ಚು. ಸ್ಪೇನ್‌ನಿಂದ ತರಿಸಿದ ಸಿಮೆಂಟ್ ಗೋಡೆ ಕಟ್ಟಿಸಿ ಒಳಗೆ ಹೂದೋಟ ಮಾಡಿಸಿದ್ದರು. ಮರಳ ದಿಬ್ಬ ಬೂದು, ಸಿಮೆಂಟ್ ಗೋಡೆ ಬೂದು, ಕಡಲಿಂದ ಬರುವ ಮಂಜೂ ಬೂದು. ಅದಕ್ಕೇ ಗ್ರೇ ಗಾರ್ಡನ್ಸ್ ಅಂತ ಹೆಸರಾಯಿತು.

ಆ ಮನೆಯಲ್ಲಿ ಈಡಿತ್ ಪಿಯಾನೋ ಇಟ್ಟುಕೊಂಡು ಹಾಡಿದರು. ನೆಂಟರು ಸೇರಿದರೆ ಸಾಕು, ಹಾಡು ಶುರು. ಕೇಳುವವರಿಗೆ ಇಷ್ಟ ಇದೆಯೋ ಇಲ್ಲವೋ ನೋಡುತ್ತಿರಲಿಲ್ಲ. ಸುಮ್ಮನೆ ಮನೆಮಟ್ಟಿಗೆ ಹಾಡುವ ಗಂಟಲಲ್ಲ ಅದು. ಪಾಠ ಮಾಡಿಸಿಕೊಂಡ, ತಾಲೀಮು ಇದ್ದ ದನಿ. ವೃತ್ತಿಯಾಗಿ ಹಾಡಬೇಕು ಅನ್ನೋ ಆಸೆ ಅವರದು. ಆದ್ರೆ ಆ ಕಾಲದಲ್ಲಿ ದೊಡ್ಡ ಮನೆತನದ ಹೆಂಗಸು ದುಡ್ಡಿಗೆ ವೇದಿಕೆ ಹತ್ತಿ ಹಾಡೋದೆಂದರೆ ಮಾನಗೇಡು. ಗಂಡನಿಗೂ ಬೇಡ, ಅಪ್ಪನಿಗೂ ಬೇಡ.

1929ರಲ್ಲಿ ಷೇರುಪೇಟೆ ಕುಸಿಯಿತು. ಬೂವಿಯೆ ಮನೆತನಕ್ಕೂ ಏಟು ಬಿತ್ತು. 1931ರ ಸುಮಾರಿಗೆ ಫೀಲನ್ ಬೀಲ್ ಹೆಂಡತಿಯಿಂದ ದೂರವಾದರು. ಮಕ್ಕಳ ಖರ್ಚಿಗೆ ದುಡ್ಡು ಬರುತ್ತಿತ್ತು, ಹೆಂಡತಿಯ ಪಾಲಿಗೆ ಉಳಿದದ್ದು ಈಸ್ಟ್ ಹ್ಯಾಂಪ್ಟನ್‌ನ ಮನೆ. 1946ರಲ್ಲಿ ಫೀಲನ್ ಮೆಕ್ಸಿಕೋದಲ್ಲಿ ವಿಚ್ಛೇದನ ಪಡೆದು ಟೆಲಿಗ್ರಾಂ ಕಳಿಸಿದರು. ಮೂವತ್ತು ವರ್ಷದ ಸಂಬಂಧ ಒಂದು ತಂತಿಯಲ್ಲಿ ಮುಗೀತು.

ಪಿಯಾನೋ ನುಡಿಸುವ ಗೂಲ್ಡ್ ಸ್ಟ್ರಾಂಗ್ ಎಂಬವರು ಈಡಿತ್ ಜೊತೆ ಹಾಡಿಗೆ ಕೂರುತ್ತಿದ್ದರು, ಅದೇ ಮನೆಯಲ್ಲಿ ಬಂದು ಇದ್ದದ್ದೂ ಉಂಟು. ನೆಂಟರ ಬಾಯಿಗೆ ಅದೊಂದು ಸಾಕಾಯಿತು.

ಮಗನ ಮದುವೆಗೆ ತಡವಾಗಿ ಬಂದ ತಾಯಿ

1942ರಲ್ಲಿ ಮಗನ ಮದುವೆ. ಚರ್ಚ್‌ನಲ್ಲಿ ನೆಂಟರಿಷ್ಟರು ಸೇರಿದ್ದಾರೆ, ಮದುಮಗನ ತಾಯಿಯೇ ಇಲ್ಲ. ಕಾರ್ಯ ಮುಗಿಯುವ ಹೊತ್ತಿಗೆ ದೊಡ್ಡ ಈಡಿ ಬಂದರು, ಅದೂ ಒಪೆರಾ ಗಾಯಕಿಯ ವೇಷದಲ್ಲಿ. ಮುದುಕ ಬೂವಿಯೆಗೆ ಸಿಟ್ಟು ನೆತ್ತಿಗೇರಿತು. ಉಯಿಲು ಬದಲಾಯಿತು. ಮಗಳಿಗೆ ಹೋಗಬೇಕಿದ್ದ ಪಾಲನ್ನು ಕತ್ತರಿಸಿದರು.

1948ರಲ್ಲಿ ಅವರು ತೀರಿಕೊಂಡಾಗ ಈಡಿತ್ ಹೆಸರಿಗೆ ಉಳಿದದ್ದು 65,000 ಡಾಲರ್. ಅದೂ ಕೈಗಲ್ಲ, ಟ್ರಸ್ಟಿಗೆ. ಉಸ್ತುವಾರಿ ಗಂಡು ಮಕ್ಕಳದ್ದು. ಹೇಳಿ ಕೇಳಿ ಅರಮನೆಯಂಥ ಮನೆ. ಅದಕ್ಕೆ ತೆರಿಗೆ ಕಟ್ಟಬೇಕು, ಚಳಿಗಾಲದಲ್ಲಿ ಮನೆ ಬಿಸಿ ಮಾಡೋಕೆ ಉರುವಲು ಎಣ್ಣೆ ಹಾಕಿಸಬೇಕು, ಉಪ್ಪುಗಾಳಿಗೆ ತಿಂದುಹೋಗುವ ಹಲಗೆ ಬದಲಿಸಬೇಕು, ತೋಟಕ್ಕೆ ಆಳು ಬೇಕು. ಟ್ರಸ್ಟಿನಿಂದ ಬರುವ ಸಣ್ಣ ಮೊತ್ತ ಯಾವುದಕ್ಕೂ ಸಾಲದು. ಅಂಗಡಿ ನಡೆಸುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಬರೋದು ನಿಂತು ಹೋಗೋದು ನಿಲ್ಲದಿದ್ದರೆ ಎಂಥ ಮಳಿಗೆಯಾದರೂ ಎಷ್ಟು ದಿನ?

ಮಕ್ಕಳು ಹೇಳಿದ್ದು ಒಂದೇ ಮಾತು: ಮನೆ ಮಾರಿ, ಬೆಚ್ಚಗಿನ ಫ್ಲೋರಿಡಾದಲ್ಲಿ ಸಣ್ಣ ಮನೆ ಮಾಡಿಕೊಂಡು ಹಾಯಾಗಿರಿ. ಲೆಕ್ಕಕ್ಕೆ ಅದು ಸರಿಯಾದ ಮಾತೇ. ದೊಡ್ಡ ಈಡಿ ಒಪ್ಪಲಿಲ್ಲ. ಗಂಡ ಹೋದ, ಅಪ್ಪ ಕೈಬಿಟ್ಟ, ಉಳಿದದ್ದು ಈ ಮನೆ. ಇದನ್ನೂ ಬಿಟ್ಟರೆ ತನ್ನದು ಅನ್ನೋದು ಏನಿದೆ ಅನ್ನೋದು ಅವರ ಹಟ. ಸಾಯೋವರೆಗೂ ಆ ಹಟ ಸಡಿಲಲಿಲ್ಲ.

ಮಗಳು ವಾಪಸ್ ಬಂದಳು

ಚಿಕ್ಕ ಈಡಿ ಚೆಲುವೆ. ದೊಡ್ಡ ಮನೆ ಹುಡುಗಿಯರು ಓದುವ ಮಿಸ್ ಪೋರ್ಟರ್ಸ್ ಶಾಲೆಯಲ್ಲಿ ಓದಿದವಳು. 1936ರ ಹೊಸ ವರ್ಷದ ದಿನ ನ್ಯೂಯಾರ್ಕ್‌ನ ಪಿಯೇರ್ ಹೋಟೆಲ್‌ನಲ್ಲಿ ಆಕೆಯನ್ನು ಸಮಾಜಕ್ಕೆ ಪರಿಚಯಿಸುವ ಸಮಾರಂಭ ನಡೆಯಿತು. ನಟಿ ಆಗಬೇಕು, ಕುಣಿಯಬೇಕು, ವೇದಿಕೆ ಹತ್ತಬೇಕು ಅನ್ನೋ ಕನಸು. ಅಮ್ಮನಿಗೆ ಬೇಡ ಅಂದ ಮನೆತನ ಮಗಳಿಗೆ ಹೂಂ ಅನ್ನುತ್ತದೆಯೇ? ಅಪ್ಪ ವಿರೋಧಿಸಿದ. ಇಪ್ಪತ್ತು ದಾಟಿದ ಮೇಲೆ ಕೂದಲು ಉದುರುವ ಕಾಯಿಲೆ ಬಂತು. ಆಮೇಲೆ ತಲೆಗೆ ಬಟ್ಟೆ ಸುತ್ತಿ ಪಿನ್ನು ಚುಚ್ಚಿಕೊಳ್ಳೋದು ರೂಢಿಯಾಯಿತು.

1947ರಿಂದ ನ್ಯೂಯಾರ್ಕ್‌ನ ಬಾರ್ಬಿಜನ್ ಎಂಬ ಹೆಂಗಸರ ಹೋಟೆಲ್‌ನಲ್ಲಿ ಕೋಣೆ ಹಿಡಿದು ಅವಕಾಶಕ್ಕಾಗಿ ಓಡಾಡಿದಳು. ಮ್ಯಾಕ್ಸ್ ಗಾರ್ಡನ್ ಎಂಬ ನಾಟಕ ನಿರ್ಮಾಪಕರ ಮುಂದೆ ನಟಿಸಿ ತೋರಿಸುವ ಅವಕಾಶ ಇನ್ನೇನು ಸಿಗುವುದರಲ್ಲಿತ್ತು ಅಂತ ಕೊನೆಯವರೆಗೂ ಹೇಳುತ್ತಿದ್ದಳು. 1952ರ ಜುಲೈ ಕೊನೆಯಲ್ಲಿ ಅಮ್ಮನನ್ನು ನೋಡಿಕೊಳ್ಳೋಕೆ ಅಂತ ಗ್ರೇ ಗಾರ್ಡನ್ಸ್‌ಗೆ ಬಂದಳು. ಆಗ ವಯಸ್ಸು 34. ಸ್ವಲ್ಪ ದಿನಕ್ಕೆ ಅಂತ ಬಂದವಳು ಅಮ್ಮ ಸಾಯುವವರೆಗೂ ಆ ಮನೆ ಬಿಡಲಿಲ್ಲ.

ಅಮ್ಮನೇ ಕರೆಸಿಕೊಂಡು ನನ್ನ ಬದುಕು ಹಾಳು ಮಾಡಿದಳು ಅನ್ನೋದು ಮಗಳ ದೂರು. ನೀನೇ ಬಂದೆ, ಹೊರಗೆ ಹೋಗಿ ಬದುಕೋ ಧೈರ್ಯ ನಿನಗೇ ಇರಲಿಲ್ಲ ಅನ್ನೋದು ಅಮ್ಮನ ಉತ್ತರ. ಇಪ್ಪತ್ತೈದು ವರ್ಷ ಈ ಒಂದೇ ವಾದ ನಡೆಯಿತು. ಇಬ್ಬರ ಮಾತಲ್ಲೂ ಅಷ್ಟಷ್ಟು ಸತ್ಯ ಇತ್ತು.

ಬಾಗಿಲು ಮುಚ್ಚಿಕೊಂಡ ಮನೆ

1960ರ ದಶಕದಲ್ಲಿ ಗೂಲ್ಡ್ ಸ್ಟ್ರಾಂಗ್ ತೀರಿಕೊಂಡರು. ಮನೆ ಕೆಲಸ ನೋಡಿಕೊಳ್ಳುತ್ತಿದ್ದ ಆಳೂ ಹೋದ. ಅದೇ ದಶಕದ ಕೊನೆಗೆ ಮನೆಗೆ ಕಳ್ಳರು ನುಗ್ಗಿದ ಮೇಲೆ ಅಮ್ಮ-ಮಗಳು ಹೊರಗೆ ಕಾಲಿಡೋದೇ ಅಪರೂಪವಾಯಿತು. ಊರಿಗೂ ಅವರಿಗೂ ಕೊಂಡಿ ಅಂದರೆ ಟೆಲಿಫೋನ್ ಮತ್ತು ಮನೆ ಬಾಗಿಲಿಗೆ ಬರುವ ದಿನಸಿ.

ತೋಟ ಕಾಡಾಯಿತು. ಬಳ್ಳಿ ಕಿಟಕಿಯ ಮೇಲೇರಿತು. ಹತ್ತಾರು ಕೋಣೆಯ ಮನೆಯಲ್ಲಿ ಇಬ್ಬರೂ ಮಹಡಿಯ ಒಂದೇ ಮಲಗುವ ಕೋಣೆಗೆ ಸೇರಿಕೊಂಡರು. ಹಾಸಿಗೆಯ ಪಕ್ಕದಲ್ಲೇ ಕರೆಂಟಿನ ಸಣ್ಣ ಒಲೆ. ಅಲ್ಲೇ ಅಡುಗೆ, ಅಲ್ಲೇ ಊಟ, ಅಲ್ಲೇ ಹಾಡು. ಡಜನ್‌ಗಟ್ಟಲೆ ಬೆಕ್ಕುಗಳು. ಮಾಡಿನ ಅಟ್ಟದಲ್ಲಿ ರಕೂನ್ ಎಂಬ ಕಾಡುಪ್ರಾಣಿ ಸಂಸಾರ ಹೂಡಿತು. ಮಗಳು ಅದಕ್ಕೂ ಬ್ರೆಡ್ ಹಾಕಿ ಸಾಕಿದಳು.

ನೆರೆಹೊರೆಯಲ್ಲಿ ಎಲ್ಲ ಕೋಟ್ಯಧಿಪತಿಗಳು. ಹುಲ್ಲುಹಾಸು ಬಾಚಿದ ಹಾಗೆ ಇರಬೇಕು, ಬೇಲಿ ಒಂದೇ ಸಮ ಕತ್ತರಿಸಿರಬೇಕು ಅನ್ನುವ ಊರು. ನಡುವೆ ಈ ಹಾಳುಮನೆ. ವಾಸನೆಯ ಬಗ್ಗೆ ದೂರು ಹೋಯಿತು. 1971ರ ಅಕ್ಟೋಬರ್‌ನಲ್ಲಿ ಸಫೊಕ್ ಕೌಂಟಿಯ ಆರೋಗ್ಯ ಇಲಾಖೆಯವರು ತಪಾಸಣೆಗೆ ಬಂದರು. ನಲ್ಲಿಯಲ್ಲಿ ನೀರಿಲ್ಲ, ಊಟದ ಕೋಣೆಯಲ್ಲಿ ಖಾಲಿ ಡಬ್ಬಗಳ ಗುಡ್ಡೆ, ನೆಲದ ತುಂಬ ಬೆಕ್ಕಿನ ಹೇಸಿಗೆ. ಸರಿಪಡಿಸದಿದ್ದರೆ ಖಾಲಿ ಮಾಡಿಸುತ್ತೇವೆ ಅಂದರು.

ಇದು ಆರೋಗ್ಯದ ಕಾಳಜಿಯಲ್ಲ, ನಮ್ಮನ್ನು ಓಡಿಸಿ ಜಾಗ ಹೊಡೆಯುವ ಹುನ್ನಾರ ಅಂತ ಅಮ್ಮ-ಮಗಳು ಗಟ್ಟಿಯಾಗಿ ನಂಬಿದ್ದರು. ಮನೆಯ ಸ್ಥಿತಿ ಕೆಟ್ಟಿದ್ದು ನಿಜ. ಕಡಲ ಪಕ್ಕದ ಆ ಜಾಗಕ್ಕೆ ಚಿನ್ನದ ಬೆಲೆ ಇದ್ದದ್ದೂ ನಿಜ.

ಸುದ್ದಿ ಪತ್ರಿಕೆಗೆ ಬಿತ್ತು. 1972ರ ಜನವರಿಯಲ್ಲಿ ಗೇಲ್ ಶೀಹಿ ಎಂಬ ಪತ್ರಕರ್ತೆ ‘ನ್ಯೂಯಾರ್ಕ್’ ಪತ್ರಿಕೆಯಲ್ಲಿ ದೊಡ್ಡ ಲೇಖನವನ್ನೇ ಬರೆದರು. ಅಷ್ಟು ಹೊತ್ತಿಗೆ ಜಾಕ್ವೆಲಿನ್ ಗ್ರೀಕ್ ಹಡಗು ಮಾಲೀಕ ಒನಾಸಿಸ್‌ರನ್ನು ಮದುವೆಯಾಗಿದ್ದರು. ಜಗತ್ತಿನ ಶ್ರೀಮಂತರಲ್ಲಿ ಒಬ್ಬರ ಹೆಂಡತಿ, ಆಕೆಯ ಸೋದರತ್ತೆ ಈ ಸ್ಥಿತಿಯಲ್ಲಿ. ಎಲ್ಲರ ಮನೆ ದೋಸೆನೂ ತೂತೇ, ಆದ್ರೆ ದೊಡ್ಡವರ ಮನೆ ದೋಸೆ ತೂತಾದರೆ ಊರೆಲ್ಲ ನೋಡಲು ಬರುತ್ತದೆ.

ಜಾಕ್ವೆಲಿನ್ ಮತ್ತು ಲೀ ಸಹಾಯಕ್ಕೆ ಬಂದರು. 1972ರ ಬೇಸಿಗೆಯಲ್ಲಿ ಮನೆ ಶುಚಿಯಾಯಿತು. ಸುಮಾರು ಸಾವಿರ ಚೀಲ ಕಸ ಹೊರಗೆ ಹೋಯಿತು, 32,000 ಡಾಲರ್ ಖರ್ಚಾಯಿತು ಅಂತ ಆಗ ವರದಿಯಾಗಿತ್ತು. ನೀರಿನ ಪೈಪು, ಮನೆ ಬಿಸಿ ಮಾಡುವ ಬಾಯ್ಲರ್ ಹೊಸದಾದವು. ತಾಯಿ-ಮಗಳನ್ನು ಮನೆಯಿಂದ ಹೊರಹಾಕುವ ಮಾತು ನಿಂತಿತು.

ಕ್ಯಾಮೆರಾ ಬಂತು

ಸಿನಿಮಾ ಶುರುವಾದದ್ದು ಬೇರೆಯದೇ ಕಾರಣಕ್ಕೆ. ಲೀ ರಾಡ್ಜಿವಿಲ್‌ಗೆ ತಮ್ಮ ಬಾಲ್ಯದ ಈಸ್ಟ್ ಹ್ಯಾಂಪ್ಟನ್ ಬಗ್ಗೆ ಒಂದು ಚಿತ್ರ ಮಾಡಿಸುವ ಆಸೆ. ಛಾಯಾಗ್ರಾಹಕ ಪೀಟರ್ ಬಿಯರ್ಡ್ ಜೊತೆಗಿದ್ದರು. ಕ್ಯಾಮೆರಾ ಕೆಲಸಕ್ಕೆ ಆಲ್ಬರ್ಟ್ ಮತ್ತು ಡೇವಿಡ್ ಮೇಜಲ್ಸ್ ಸಹೋದರರನ್ನು ಕರೆದರು. ಅಣ್ಣ ಆಲ್ಬರ್ಟ್ ಮೊದಲು ಮನಃಶಾಸ್ತ್ರದ ಮೇಷ್ಟ್ರು, 1955ರಲ್ಲಿ ರಷ್ಯಾಕ್ಕೆ ಹೋಗಿ ಅಲ್ಲಿನ ಮಾನಸಿಕ ಆಸ್ಪತ್ರೆಗಳನ್ನು ಚಿತ್ರಿಸಿ ಬಂದವರು. ಮನೆಮನೆಗೆ ತಿರುಗಿ ಬೈಬಲ್ ಮಾರುವವರ ಬಗ್ಗೆ ಈ ಸಹೋದರರು ಮಾಡಿದ ‘ಸೇಲ್ಸ್‌ಮನ್’ ಚಿತ್ರ ಅಷ್ಟರಲ್ಲಾಗಲೇ ಹೆಸರು ಮಾಡಿತ್ತು.

ಅವರ ಕೆಲಸದ ರೀತಿ ಸರಳ. ಆಲ್ಬರ್ಟ್ ಹೆಗಲ ಮೇಲೆ 16 ಎಂಎಂ ಕ್ಯಾಮೆರಾ, ಡೇವಿಡ್ ಕೈಯಲ್ಲಿ ಧ್ವನಿ ಯಂತ್ರ. ಇಬ್ಬರೇ. ಬರೆದಿಟ್ಟ ಕಥೆ ಇಲ್ಲ, ಹಿನ್ನೆಲೆಯಲ್ಲಿ ವಿವರಣೆ ಓದುವ ದನಿ ಇಲ್ಲ, ಹೀಗೆ ಕೂರಿ ಹಾಗೆ ನಡೀರಿ ಅನ್ನೋದಿಲ್ಲ. ನಡೆದದ್ದನ್ನು ನಡೆದ ಹಾಗೆ ಹಿಡಿಯೋದು.

ಊರು ಸುತ್ತಿ ಚಿತ್ರೀಕರಿಸುತ್ತಾ ಗ್ರೇ ಗಾರ್ಡನ್ಸ್ ಒಳಗೆ ಹೋದದ್ದೇ ತಡ, ಸಹೋದರರಿಗೆ ಬೇರೆ ಯಾವುದೂ ರುಚಿಸಲಿಲ್ಲ. ಈ ಇಬ್ಬರು ಹೆಂಗಸರೇ ಸಿನಿಮಾ ಅಂದರು. ಲೀಗೆ ಅದು ಬೇಕಿರಲಿಲ್ಲ. ಯೋಜನೆ ನಿಂತಿತು, ರೀಲುಗಳು ಮೂಲೆ ಸೇರಿದವು. ಅವು 2017ರಲ್ಲಿ ‘ದಟ್ ಸಮ್ಮರ್’ ಎಂಬ ಚಿತ್ರವಾಗಿ ಹೊರಬಂದವು.

1973ರಲ್ಲಿ ಮೇಜಲ್ಸ್ ಸಹೋದರರು ತಮ್ಮದೇ ದುಡ್ಡು ಹಾಕಿ ವಾಪಸ್ ಬಂದರು. ಈ ಸಲ ಅಮ್ಮ-ಮಗಳನ್ನೇ ನೇರವಾಗಿ ಕೇಳಿ, ಒಪ್ಪಿಸಿ ಶುರು ಮಾಡಿದರು. ಮನೆಯಲ್ಲಿ ಚಿಗಟ ಎಷ್ಟಿತ್ತೆಂದರೆ ನಾಯಿ ಕೊರಳಿಗೆ ಕಟ್ಟುವ ಚಿಗಟದ ಪಟ್ಟಿಯನ್ನು ಇವರು ಕಾಲಿಗೆ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದರು.

ಸಿನಿಮಾದಲ್ಲಿ ಏನಿದೆ

ನೋಡಿದರೆ ಏನೂ ನಡೆಯೋದಿಲ್ಲ. ದೊಡ್ಡ ಈಡಿ ಹಾಸಿಗೆ ಮೇಲೆ ಕೂತಿದ್ದಾರೆ, ಸುತ್ತ ಬೆಕ್ಕು, ಪತ್ರಿಕೆ, ಹಳೇ ಫೋಟೋ. ಪಕ್ಕದ ಒಲೆಯಲ್ಲಿ ಜೋಳದ ತೆನೆ ಬೇಯಿಸಿ ಕೆಲಸಕ್ಕೆ ಬರುವ ಹುಡುಗ ಜೆರ್ರಿಗೆ ಕೊಡುತ್ತಾರೆ. ಅವನು ತಿನ್ನೋದನ್ನು ನೋಡಿ ಖುಷಿ ಪಡುತ್ತಾರೆ. ಮಗಳಿಗೆ ಅದು ಸಹಿಸದು. ಗೋಡೆಗೆ ಒರಗಿಸಿಟ್ಟ ದೊಡ್ಡ ವರ್ಣಚಿತ್ರದಲ್ಲಿ ಯೌವನದ ಈಡಿತ್ ರಾಣಿಯ ಹಾಗೆ ಕೂತಿದ್ದಾರೆ. ಅದರ ಹಿಂದೆ ಹೋಗಿ ಬೆಕ್ಕು ತನ್ನ ಕೆಲಸ ಮುಗಿಸಿಕೊಂಡು ಬರುತ್ತದೆ. ದೊಡ್ಡ ಈಡಿ ಬೇಜಾರು ಮಾಡಿಕೊಳ್ಳೋದಿಲ್ಲ.

ಗ್ರಾಮಾಫೋನ್‌ನಲ್ಲಿ ಹಳೇ ರೆಕಾರ್ಡ್ ಹಾಕಿ ಅದರ ಜೊತೆ ‘ಟೀ ಫಾರ್ ಟೂ’ ಹಾಡುತ್ತಾರೆ. ಎಂಬತ್ತರ ಹತ್ತಿರದ ಮುದುಕಿಯ ಗಂಟಲಲ್ಲಿ ಶ್ರುತಿ ಇನ್ನೂ ನಿಂತಿದೆ. ಚಿಕ್ಕ ಈಡಿ ಲಂಗವನ್ನು ತಲೆಕೆಳಗು ಮಾಡಿ ಉಟ್ಟು, ಸ್ವೆಟರನ್ನು ತಲೆಗೆ ಸುತ್ತಿ, ಸಣ್ಣ ಬಾವುಟ ಹಿಡಿದು ಕುಣಿಯುತ್ತಾಳೆ. ಅಮ್ಮ ಒಂದಂದರೆ ಮಗಳು ಎರಡನ್ನುತ್ತಾಳೆ. ಯಾವ ಹುಡುಗನ ಸಂಬಂಧ ಯಾರು ತಪ್ಪಿಸಿದರು, ಯಾರ ದನಿ ಚೆನ್ನಾಗಿತ್ತು, ಯಾರು ಯಾರನ್ನು ಹಿಡಿದಿಟ್ಟರು, ಮೂವತ್ತು ವರ್ಷದ ಹಿಂದಿನ ಲೆಕ್ಕ ಈಗಲೂ ಚುಕ್ತಾ ಆಗಿಲ್ಲ. ಜಗಳ ಜೋರಾಗಿ ಮಗಳು ಅಳುತ್ತಾಳೆ. ಸ್ವಲ್ಪ ಹೊತ್ತಿಗೆ ಅಮ್ಮನಿಗೆ ಊಟ ತಂದುಕೊಡುತ್ತಾಳೆ.

ದೊಡ್ಡ ಈಡಿಯ ಹುಟ್ಟುಹಬ್ಬವೂ ಅದರಲ್ಲಿದೆ. ಬಂದ ಒಬ್ಬಿಬ್ಬರು ಅತಿಥಿಗಳಿಗೆ ಕುರ್ಚಿ ಮೇಲೆ ಪತ್ರಿಕೆ ಹಾಸಿ ಕೂರಿಸುತ್ತಾರೆ. ಅಂಥ ಮನೆಯಲ್ಲೂ ಅತಿಥಿ ಸತ್ಕಾರದ ರೀತಿ ರಿವಾಜು ತಪ್ಪಿಲ್ಲ.

ಹತ್ತಾರು ಗಂಟೆಯ ರೀಲಿನಿಂದ ಒಂದೂವರೆ ಗಂಟೆಯ ಸಿನಿಮಾ ತೆಗೆದದ್ದು ಎಲೆನ್ ಹೊವ್ಡಿ, ಮಫಿ ಮೆಯರ್ ಮತ್ತು ಸೂಸನ್ ಫ್ರೋಮ್ಕಿ ಎಂಬ ಸಂಕಲನಕಾರ್ತಿಯರು. ಕೆನಡಿ ನೆಂಟಸ್ತಿಕೆ, ಕೊಳಕು ಮನೆ ಇವೆರಡನ್ನೂ ಹಿಂದಕ್ಕೆ ಸರಿಸಿ ತಾಯಿ-ಮಗಳ ಸಂಬಂಧವನ್ನು ಮುಂದೆ ತಂದವರು ಅವರೇ. ಅದಕ್ಕೇ ಹೊವ್ಡಿ ಮತ್ತು ಮೆಯರ್ ಹೆಸರು ನಿರ್ದೇಶಕರ ಪಟ್ಟಿಯಲ್ಲೂ ಇದೆ.

ಇದು ನ್ಯಾಯವೇ?

1975ರಲ್ಲಿ ಚಿತ್ರ ನ್ಯೂಯಾರ್ಕ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಮರುವರ್ಷ ಚಿತ್ರಮಂದಿರಗಳಿಗೆ ಬಂತು. ವಾದ ಅಲ್ಲಿಂದಲೇ ಶುರು.

ಬುದ್ಧಿ ಸ್ಥಿಮಿತ ಇದೆಯೋ ಇಲ್ಲವೋ ಗೊತ್ತಿಲ್ಲದ ಇಬ್ಬರು ಹೆಂಗಸರ ಬೀಡಿಗೆ ನುಗ್ಗಿ, ಅವರ ಹರಕು ಬಟ್ಟೆ, ಮುದಿ ಮೈ, ಒಳಜಗಳ ಎಲ್ಲವನ್ನೂ ಟಿಕೆಟ್ ಮಾರಿ ತೋರಿಸೋದು ಯಾವ ನ್ಯಾಯ ಅಂತ ಒಂದು ಗುಂಪು ಕೇಳಿತು. ಒಪ್ಪಿಗೆ ಕೊಟ್ಟರು ಅಂದ ಮಾತ್ರಕ್ಕೆ ಮುಗೀತೇ? ಒಪ್ಪಿಗೆ ಕೊಡುವವರಿಗೆ ಅದರ ಅರ್ಥ ಗೊತ್ತಿರಬೇಡವೇ? ಸುಲಭಕ್ಕೆ ತಳ್ಳಿಹಾಕುವ ಪ್ರಶ್ನೆ ಇದಲ್ಲ. ಇವತ್ತು ಪ್ರತಿಯೊಬ್ಬರ ಜೇಬಲ್ಲೂ ಕ್ಯಾಮೆರಾ ಇದೆ. ಊರಲ್ಲಿ ಒಬ್ಬೊಂಟಿಯಾಗಿ, ತನ್ನ ಪಾಡಿಗೆ ವಿಚಿತ್ರವಾಗಿ ಬದುಕುವವರ ವಿಡಿಯೋ ಮಾಡಿ ಹರಿಬಿಡೋದು ಅರೆನಿಮಿಷದ ಕೆಲಸ. ಅಂಥ ಹೊತ್ತಲ್ಲಿ ಈ ಪ್ರಶ್ನೆ ಇನ್ನೂ ಹತ್ತಿರದ್ದು.

ಮೇಜಲ್ಸ್ ಸಹೋದರರ ಪರವಾಗಿಯೂ ಮಾತಿದೆ. ಅವರು ಕದ್ದು ಚಿತ್ರಿಸಲಿಲ್ಲ. ವಾರಗಟ್ಟಲೆ ಮನೆಗೆ ಬಂದು ಹೋಗಿ ಮಾಡಿದರು. ಚಿತ್ರದಲ್ಲಿ ಅವರ ದನಿ ಕೇಳುತ್ತದೆ, ಕನ್ನಡಿಯಲ್ಲಿ ಅವರ ರೂಪ ಕಾಣುತ್ತದೆ. ಅಮ್ಮ-ಮಗಳು ಕ್ಯಾಮೆರಾ ಕಡೆ ತಿರುಗಿ ಅವರ ಜೊತೆ ಹರಟುತ್ತಾರೆ. ಸಿದ್ಧವಾದ ಸಿನಿಮಾವನ್ನು ಪ್ರೊಜೆಕ್ಟರ್ ಸಮೇತ ಮನೆಗೇ ತಂದು ಇಬ್ಬರಿಗೂ ಮೊದಲು ತೋರಿಸಿದರು. ಇಬ್ಬರಿಗೂ ಮೆಚ್ಚಿಗೆಯಾಯಿತು. ಚಿಕ್ಕ ಈಡಿಯಂತೂ ಮುಂದೆ ಯಾರು ಟೀಕಿಸಿದರೂ ಸಿನಿಮಾದ ಪರವಾಗಿಯೇ ನಿಂತಳು.

ಇನ್ನೊಂದು ಮಾತನ್ನೂ ಮರೆಯಬಾರದು. ಹಾಡಬೇಡ ಅಂತ ಅಪ್ಪ ಹೇಳಿದ, ಗಂಡ ಹೇಳಿದ. ಕುಣಿಯಬೇಡ ಅಂತ ಮಗಳಿಗೂ ಹೇಳಿದರು. ಇಡೀ ಬದುಕಲ್ಲಿ ಅವರಿಬ್ಬರಿಗೂ ಹಾಡು, ನಿನ್ನಿಷ್ಟದ ಹಾಗೆ ಕುಣಿ, ನಾವು ನೋಡುತ್ತೇವೆ ಅಂತ ಹೇಳಿದವರು ಈ ಇಬ್ಬರು ಸಹೋದರರು. ನಲವತ್ತು ವರ್ಷ ಕಾದ ಮೇಲೆ ಸಿಕ್ಕಿದ ವೇದಿಕೆ ಹಾಳುಮನೆಯ ಒಂದು ಕೋಣೆ. ಅದನ್ನೂ ಅವರು ಬಿಡಲಿಲ್ಲ. ಮರುಕ ಪಡೋಕೆ ಅಂತ ಸಿನಿಮಾ ನೋಡಲು ಕೂತವರು ಅರ್ಧ ಮುಗಿಯುವಷ್ಟರಲ್ಲಿ ಅವರ ಮಾತಿಗೆ ನಗುತ್ತಾ, ಅವರನ್ನು ಇಷ್ಟಪಡುತ್ತಾ ಕೂರುತ್ತಾರೆ.

ಕೊನೆಯ ದಿನಗಳು

ಚಿತ್ರ ಬಿಡುಗಡೆಯಾಗಿ ಒಂದು ವರ್ಷ ಆಗಿತ್ತಷ್ಟೇ. 1977ರ ಫೆಬ್ರವರಿ 5ರಂದು ದೊಡ್ಡ ಈಡಿ ಸೌತ್ ಹ್ಯಾಂಪ್ಟನ್ ಆಸ್ಪತ್ರೆಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ವಯಸ್ಸು 81. ಕೊನೆಗಾಲದಲ್ಲಿ ಮಗಳು ಬಂದು ಜಗತ್ತಿಗೆ ಹೇಳೋದು ಏನಾದರೂ ಉಳಿದಿದೆಯಾ ಅಂತ ಕೇಳಿದಾಗ, ಹೊಸದಾಗಿ ಹೇಳೋದೇನೂ ಇಲ್ಲ, ಎಲ್ಲ ಸಿನಿಮಾದಲ್ಲೇ ಇದೆ ಅಂದರಂತೆ. ಇದನ್ನು ಆಲ್ಬರ್ಟ್ ಮೇಜಲ್ಸ್ ಆಮೇಲೆ ಬಹಳ ಸಲ ನೆನೆಸಿಕೊಂಡಿದ್ದಾರೆ.

ಅಮ್ಮ ಹೋದ ಮೇಲೆ ಚಿಕ್ಕ ಈಡಿ ಹೊರಗೆ ಬಂದಳು. 1978ರ ಜನವರಿಯಲ್ಲಿ ನ್ಯೂಯಾರ್ಕ್‌ನ ರೆನೋ ಸ್ವೀನಿ ಎಂಬ ಕ್ಲಬ್ಬಿನಲ್ಲಿ ಹಾಡಿ ಕುಣಿದಳು. ವಯಸ್ಸು 60. ವಿಮರ್ಶಕರು ಚೆನ್ನಾಗಿ ಬರೆಯಲಿಲ್ಲ. ಆಕೆಗೆ ಅದು ಲೆಕ್ಕಕ್ಕಿರಲಿಲ್ಲ. ವೇದಿಕೆ ಹತ್ತಿದ್ದಾಯಿತು.

1979ರಲ್ಲಿ ಗ್ರೇ ಗಾರ್ಡನ್ಸ್ ಮಾರಿದಳು. ಕೊಳ್ಳೋಕೆ ಬಂದವರಲ್ಲಿ ಮನೆ ಕೆಡವಿ ಜಾಗ ಬಳಸಿಕೊಳ್ಳುವ ಯೋಚನೆಯವರು ಇದ್ದರು. ಆಕೆ ಅವರಿಗೆ ಕೊಡಲಿಲ್ಲ. ಕೆಡವೋದಿಲ್ಲ ಅಂತ ಮಾತು ಕೊಟ್ಟ ‘ವಾಷಿಂಗ್ಟನ್ ಪೋಸ್ಟ್’ ಸಂಪಾದಕ ಬೆನ್ ಬ್ರಾಡ್ಲಿ ಮತ್ತು ಅವರ ಪತ್ನಿ ಸ್ಯಾಲಿ ಕ್ವಿನ್‌ಗೆ 2,20,000 ಡಾಲರಿಗೆ ಕೊಟ್ಟಳು. ಅವರು ಮಾತು ಉಳಿಸಿಕೊಂಡರು. ಮನೆ ದುರಸ್ತಿಯಾಯಿತು, ತೋಟ ಮತ್ತೆ ಅರಳಿತು. 2017ರಲ್ಲಿ ಅದೇ ಮನೆ ಒಂದೂವರೆ ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಮತ್ತೆ ಕೈ ಬದಲಾಯಿಸಿತು. ಜಾಗಕ್ಕೆ ಕಣ್ಣು ಹಾಕಿದ್ದಾರೆ ಅಂತ ಅಮ್ಮ-ಮಗಳು ಗೊಣಗುತ್ತಿದ್ದದ್ದು ಪೂರ್ತಿ ಭ್ರಮೆ ಆಗಿರಲಿಕ್ಕಿಲ್ಲ.

ಡೇವಿಡ್ ಮೇಜಲ್ಸ್ 1987ರಲ್ಲಿ, ಆಲ್ಬರ್ಟ್ 2015ರಲ್ಲಿ ತೀರಿಕೊಂಡರು. ಅಮ್ಮ-ಮಗಳ ಕಥೆ ಬ್ರಾಡ್‌ವೇಯಲ್ಲಿ ಸಂಗೀತ ನಾಟಕವಾಗಿ, ಅಮ್ಮ ಮತ್ತು ಮಗಳ ಪಾತ್ರ ಮಾಡಿದ ಇಬ್ಬರು ನಟಿಯರಿಗೂ 2007ರಲ್ಲಿ ಟೋನಿ ಪ್ರಶಸ್ತಿ ಬಂತು. 2009ರಲ್ಲಿ ಎಚ್‌ಬಿಓ ಟಿವಿ ಚಿತ್ರ ಮಾಡಿತು. ಜೆಸ್ಸಿಕಾ ಲ್ಯಾಂಗ್ ಅಮ್ಮನಾಗಿ, ಡ್ರೂ ಬ್ಯಾರಿಮೋರ್ ಮಗಳಾಗಿ ನಟಿಸಿದರು. 2010ರಲ್ಲಿ ಅಮೆರಿಕ ಸರ್ಕಾರ ಮೂಲ ಸಾಕ್ಷ್ಯಚಿತ್ರವನ್ನು ಕಾಪಾಡಬೇಕಾದ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿಸಿತು.

ಮಗಳು ಕಡೆಗೆ ನೆಲೆ ನಿಂತದ್ದು ಫ್ಲೋರಿಡಾದಲ್ಲಿ. ಅಮ್ಮ ಯಾವ ಊರಿಗೆ ಹೋಗಲಾರೆ ಅಂತ ಹಟ ಹಿಡಿದಿದ್ದರೋ ಅದೇ ಕಡೆ. ಬೆಚ್ಚಗಿನ ಊರಲ್ಲಿ, ಕಡಲಲ್ಲಿ ಈಜಾಡಿಕೊಂಡು ಒಬ್ಬಳೇ ಬದುಕಿದಳು. 2002ರ ಜನವರಿಯಲ್ಲಿ 84ನೇ ವಯಸ್ಸಿಗೆ ತೀರಿಕೊಂಡಳು. ಅಮ್ಮನ ಸಮಾಧಿ ಈಸ್ಟ್ ಹ್ಯಾಂಪ್ಟನ್‌ನಲ್ಲಿ, ಬೂವಿಯೆ ಮನೆತನದವರ ನಡುವೆ ಇದೆ. ಮಗಳದ್ದು ಲೊಕಸ್ಟ್ ವ್ಯಾಲಿ ಎಂಬ ಬೇರೆ ಊರಲ್ಲಿ, ತಮ್ಮನ ಪಕ್ಕದಲ್ಲಿ. ಇಪ್ಪತ್ತೈದು ವರ್ಷ ಒಂದೇ ಕೋಣೆಯಲ್ಲಿ ಕಳೆದವರು ಮಣ್ಣಲ್ಲಿ ಮಾತ್ರ ಬೇರೆ ಬೇರೆ.